ವೆಟ್‌ವೆಲ್‌ಗೆ ಇಪ್ಪತ್ತು ಗುಂಟೆ: ನೋಟಿಫಿಕೇಶನ್ ಬಿದ್ದುಹೋದ ಮೇಲೆ ನಾನು ಮಾಡಿದ್ದು

ಯುಜಿಡಿ (ಒಳಚರಂಡಿ) ಕೆಲಸ ಮಾಡಿದವರಿಗೆ ಗೊತ್ತು, ಊರಿನ ಕೊಳಚೆಯೆಲ್ಲ ತಾನಾಗಿ ಹರಿದು ಬರುವ ತಗ್ಗು ಒಂದೇ ಇರುತ್ತದೆ, ಅದು ಯಾವಾಗಲೂ ಯಾರದೋ ಗದ್ದೆ. ಅಲ್ಲಿ ವೆಟ್‌ವೆಲ್‌ಗೆ, ಅಂದರೆ ಕೊಳಚೆ ಸೇರಿಸಿ ಪಂಪ್ ಮಾಡುವ ಬಾವಿಗೆ, ನನಗೆ ಬೇಕಿದ್ದದ್ದು ಇಪ್ಪತ್ತು ಗುಂಟೆ. ಸ್ವಾಧೀನದ ಹಾದಿಯಲ್ಲಿ ಮೂರು ವರ್ಷ ಕಳೆದೆ, ಮಾತಾಡಿ ಏಳು ತಿಂಗಳಲ್ಲಿ ಕ್ರಯ ಮಾಡಿಸಿದೆ. "ಆಡಿಟ್‌ನೋರು ನಿಮ್ಮನ್ನ ಬಿಡಲ್ಲ ಸಾರ್" ಎಂದು ನಕ್ಕವರೇ ಈಗ ಫೈಲಿನ ಜೆರಾಕ್ಸ್ ಕೇಳುತ್ತಿದ್ದಾರೆ.

ಮೊದಲು ಹೋದದ್ದು 2013ರ ಭೂಸ್ವಾಧೀನ ಕಾಯ್ದೆಯ ದಾರಿಯಲ್ಲೇ. 11(1), ಅಂದರೆ ಪ್ರಾಥಮಿಕ ಅಧಿಸೂಚನೆ, ಹೊರಟಿತು. ಜಂಟಿ ಅಳತೆಯಲ್ಲಿ ವಿಸ್ತೀರ್ಣ ಪಹಣಿಗಿಂತ ಎರಡೂವರೆ ಗುಂಟೆ ಕಡಿಮೆ ಬಂತು. ಪೋಡಿ (ಅಳತೆ ಮಾಡಿ ಹಿಸ್ಸೆ ಬೇರ್ಪಡಿಸುವುದು) ಆಗಿರಲಿಲ್ಲ. ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿದ್ದ ಯಜಮಾನರು ತೀರಿಕೊಂಡು ಹತ್ತು ಹನ್ನೆರಡು ವರ್ಷವಾಗಿತ್ತು, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರಲಿಲ್ಲ. ನಾವು ನೋಟಿಸು ಕಳಿಸಿದ್ದು ಸತ್ತವರ ಹೆಸರಿಗೆ! ಇದನ್ನು ಸರಿ ಮಾಡಿಸುವಷ್ಟರಲ್ಲಿ ಹನ್ನೆರಡು ತಿಂಗಳು ದಾಟಿ, 19(1)ರ ಅಂತಿಮ ಘೋಷಣೆ ಆಗದೆ ಅಧಿಸೂಚನೆಯೇ ಬಿದ್ದುಹೋಯಿತು. ಪೈಪುಗಳು ರಸ್ತೆ ಬದಿ ಒಣಗುತ್ತಿದ್ದವು. ಗುತ್ತಿಗೆದಾರ ದರ ವ್ಯತ್ಯಾಸವೆಂದು ಕೇಳಿದ್ದು ಜಮೀನಿನ ಬೆಲೆಯ ಹೆಚ್ಚುಕಡಿಮೆ ಅರ್ಧ.

"ಬಾವೀನ ಮುನ್ನೂರು ಮೀಟರ್ ಮೇಲಕ್ಕೆ ಸರಿಸಿ" ಎಂಬ ಸಲಹೆಯೂ ಬಂತು. ಒಂದು ಭಾನುವಾರ ನಾನೇ ಲೆವೆಲ್ ಹಿಡಿದೆ. 1:250 ಇಳಿಜಾರಿಗೆ (250 ಮೀಟರಿಗೆ ಒಂದು ಮೀಟರ್ ಇಳಿತ) ಪೈಪಿನ ಆಳ 1.2 ಮೀಟರ್ ಹೆಚ್ಚುತ್ತದೆ, ನೆಲವೂ ಎರಡು ಮೀಟರ್ ಏರುತ್ತದೆ, ಕೆಳಗೆ ಬಂಡೆ. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ಒಂದು ಸಂಜೆ ಫೈಲು ಬಿಟ್ಟು, ಬರೀ ಸಬ್‌ರಿಜಿಸ್ಟ್ರಾರ್ ಕಚೇರಿಯ ನಕಲುಗಳನ್ನು ಹಿಡಿದು ಆ ಜಮೀನಿನ ವಾರಸುದಾರರಾದ ಗೌಡರ ಜಗಲಿ ಮೇಲೆ ಕೂತೆ. "ಗೌಡ್ರೇ, ಬೆಲೆ ನಾನು ಹೇಳಲ್ಲ, ನೀವೇ ಕೂಡಿಸಿ" ಎಂದು ಹಿಂದಿನ ಮೂರು ವರ್ಷದ ಕ್ರಯಪತ್ರಗಳನ್ನು ಮುಂದಿಟ್ಟೆ. ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ತೆಗೆದೆವು. ಗುಂಟೆಗೆ ಒಂದೂವರೆ ಲಕ್ಷದ ಆಸುಪಾಸು ಬಂತು. ಪುರಸಭೆ ಮಿತಿಯೊಳಗಿನ ಜಾಗ, ಹಾಗಾಗಿ ಬೆಲೆಗೆ ಹಾಕುವ ಗುಣಕ 1. ಅಷ್ಟೇ ಮೊತ್ತದ ಸೊಲೇಶಿಯಂ (ಬೆಲೆಯ ಮೇಲೆ ಕೊಡುವ ಹೆಚ್ಚುವರಿ ಪರಿಹಾರ) ಸೇರಿ ಅರವತ್ತು ಲಕ್ಷ. ಸ್ವಾಧೀನಕ್ಕೇ ಹೋದರೆ ಸಿಗುವ ವರ್ಷಕ್ಕೆ 12% ಹೆಚ್ಚುವರಿ ಮೂಲ ಮೂವತ್ತು ಲಕ್ಷದ ಮೇಲೆ ಮಾತ್ರ ಎಂದು ಬಿಡಿಸಿ ಹೇಳಿದೆ. ಆ ಒಂದು ಸಾಲು ಅವರ ಮಗನಿಗೆ ಯಾವ ವಕೀಲರೂ ಹೇಳಿರಲಿಲ್ಲವಂತೆ.

ಗೌಡರು ಮಾತ್ರ, "ದುಡ್ಡಿಂದಾಯ್ತು ಸಾಮಿ, ವಾಸ್ನೆ ಲೆಕ್ಕ ಯಾವ ಪುಸ್ತಕದಲ್ಲೈತೆ?" ಎಂದರು.

ಪಕ್ಕದ ಊರಿನ ವೆಟ್‌ವೆಲ್ ತೋರಿಸಲು ಜೀಪಿನಲ್ಲಿ ಕರೆದೊಯ್ದೆ. ಆ ದಿನವೇ ಪಂಪು ಟ್ರಿಪ್ ಆಗಿ ಬಾವಿ ತುಂಬಿತ್ತು. ಗೌಡರು ಟವಲಿನಿಂದ ಮೂಗು ಮುಚ್ಚಿಕೊಂಡವರು ವಾಪಸು ಊರು ಸೇರುವವರೆಗೂ ತೆಗೆಯಲಿಲ್ಲ. ಎರಡು ತಿಂಗಳು ಅಲ್ಲಿಗೇ ನಿಂತಿತು. ಮತ್ತೆ ಕರೆದೊಯ್ದಾಗ ಹಿಂದಿನ ರಾತ್ರಿಯೇ ಅಲ್ಲಿನ ಆಪರೇಟರಿಗೆ ಫೋನು ಮಾಡಿ, ಸ್ಕ್ರೀನಿನ (ಕಸ ತಡೆಯುವ ಜಾಲರಿಯ) ಕಸ ತೆಗೆಸಿಟ್ಟಿದ್ದೆ. ನಮ್ಮ ಬಾವಿಯನ್ನು ಗೌಡರ ಮನೆಯಿಂದ ದೂರದ ಮೂಲೆಗೆ ತಳ್ಳಿ, ಅವರ ಹುಣಸೆಮರ ಬಿಟ್ಟು 11ಇ ನಕ್ಷೆ (ಮಾರುವ ಭಾಗದ ಅಳತೆ ನಕ್ಷೆ) ಮಾಡಿಸಿದೆ. ಗಡಿ ಆ ಮೂಲೆಯಲ್ಲಿ ಕಚ್ಚಿದ ಬಿಸ್ಕತ್ತಿನ ಹಾಗಿದೆ. ಸರ್ವೇಯರ್ ಇಂದಿಗೂ ಗೊಣಗುತ್ತಾನೆ.

ಪಹಣಿಯ 11ನೇ ಕಾಲಂನಲ್ಲಿದ್ದ ಸೊಸೈಟಿ ಸಾಲವನ್ನು ಕ್ರಯದ ಹಣದಲ್ಲೇ ನೇರ ಕಟ್ಟಿಸಿದೆವು. ವಾರಸುದಾರರು ಹನ್ನೊಂದು ಜನ, ಅದರಲ್ಲಿ ಮಾತು ಬಿಟ್ಟಿದ್ದ ಅಕ್ಕತಂಗಿಯರು ಇಬ್ಬರು. ಎಲ್ಲರ ಸಹಿ ಒಂದೇ ದಿನ ಬಿತ್ತು. ಹೇಗೆಂದು ಬರೆಯುವುದಿಲ್ಲ, ಎದುರು ಸಿಕ್ಕರೆ ಹೇಳುತ್ತೇನೆ. ಲಂಚವಂತೂ ಅಲ್ಲ. ಆಡಿಟ್‌ಗೆ ಉತ್ತರ ಆ ನೋಟ್‌ಬುಕ್ ಲೆಕ್ಕವೇ. ಅದನ್ನು ಟೈಪ್ ಮಾಡಿಸಿ ಜಿಲ್ಲಾಧಿಕಾರಿಗಳ ಸಭೆಯಲ್ಲಿ ಒಪ್ಪಿಸಿದ್ದೆ. ಸ್ವಾಧೀನದ ಐತೀರ್ಪು (ಪರಿಹಾರದ ಆದೇಶ) ಆಗಿದ್ದರೆ ಕೊಡಬೇಕಿದ್ದಕ್ಕಿಂತ ಕಡಿಮೆಯೇ ಆಗಿದೆ.

ರೈಸಿಂಗ್ ಮೇನ್‌ಗೆ (ಪಂಪಿನಿಂದ ಕೊಳಚೆ ಒಯ್ಯುವ ಪೈಪಿಗೆ) ಜಮೀನು ಕೊಳ್ಳಲೇ ಇಲ್ಲ. ಪುರಸಭೆ ಕಾಯ್ದೆಯಡಿ ನೋಟಿಸು, ಬೆಳೆ ಪರಿಹಾರ, ಅಷ್ಟೇ. ಮೊದಲ ಹೊಲದಲ್ಲಿ ಮೇಲ್ಮಣ್ಣು ತಳದ ಮಣ್ಣಿನ ಜೊತೆ ಬೆರೆತು, ಮುಂದಿನ ರಾಗಿ ಪೈಪಿನ ಗುಂಟ ಹಳದಿ ಗೆರೆ ಎಳೆದ ಹಾಗೆ ಎದ್ದಿತು. ಎರಡನೇ ಸಲ ದುಡ್ಡು ಕೊಟ್ಟೆವು. ಆಮೇಲೆ ಒಂದಡಿ ಮೇಲ್ಮಣ್ಣನ್ನು ಬೇರೆ ಬದಿಗೆ ಹಾಕಿಸಿದೆ.

ಈಗ ಎಸ್‌ಟಿಪಿಗೆ (ಕೊಳಚೆ ಶುದ್ಧೀಕರಣ ಘಟಕಕ್ಕೆ) ಎಂಟು ಎಕರೆ ಬೇಕು. ಖಾತೆದಾರರು ಇಪ್ಪತ್ತೆರಡು. ಅಲ್ಲಿ ಬರೀ ಜಗಲಿ ಮಾತು ನಡೆಯುತ್ತದೆಂದು ನನಗೇ ನಂಬಿಕೆಯಿಲ್ಲ. ಪೌತಿ ಖಾತೆಗಳನ್ನು ಮೊದಲು ಮುಗಿಸಿ, 11(1) ಹೊರಡಿಸಿ, ಆಮೇಲೆ ಕೂರುತ್ತೇನೆ.