ಒಂದು ಪುಟ ತೆರೆಯುತ್ತಾ ಅಂತರ್ಜಾಲದ ಪದಗಳನ್ನು ಕಲಿಯುವುದು ಹೇಗೆ?

ಡಿಎನ್‌ಎಸ್, ಐಪಿ, ಕುಕೀ, ಕ್ಯಾಶ್. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದರೆ ಇವೆಲ್ಲ ಉತ್ತರಪತ್ರಿಕೆಯ ಜೊತೆಗೇ ಕೈಬಿಟ್ಟು ಹೋಗುತ್ತವೆ. ಅದರ ಬದಲು ಕಂಪ್ಯೂಟರ್ ಮುಂದೆ ಕುಳಿತು ಒಂದೇ ಒಂದು ಜಾಲಪುಟ ತೆರೆಯಿರಿ. ಪುಟ ಬರುವ ದಾರಿಯಲ್ಲಿ ಈ ಪದಗಳು ತಾವಾಗಿಯೇ ಎದುರಾಗುತ್ತವೆ.

ಹೆಜ್ಜೆ 1: ಬ್ರೌಸರ್ ತೆರೆಯಿರಿ. ಇದು ನಿಮ್ಮ ಯಂತ್ರದಲ್ಲಿರುವ ತಂತ್ರಾಂಶ. ಸರ್ಚ್ ಎಂಜಿನ್ ಬೇರೆ, ಅದು ಬ್ರೌಸರ್ ಮೂಲಕ ನೀವು ಬಳಸುವ ಹುಡುಕಾಟದ ಸೇವೆ. ಅಂತರ್ಜಾಲ ಮತ್ತು ವೆಬ್ ಕೂಡ ಒಂದೇ ಅಲ್ಲ. ಅಂತರ್ಜಾಲವೆಂದರೆ ಕಂಪ್ಯೂಟರ್‌ಗಳನ್ನು ಬೆಸೆದ ಜಾಲ. ಅದರ ಬೇರು 1969ರ ಅರ್ಪಾನೆಟ್ ಎಂಬ ಅಮೆರಿಕದ ಸಂಶೋಧನಾ ಜಾಲದಲ್ಲಿದೆ. ಆ ಜಾಲದ ಮೇಲೆ ನಡೆಯುವ ಹಲವು ಸೇವೆಗಳಲ್ಲಿ ವೆಬ್ ಒಂದು. ಯುರೋಪಿನ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅದನ್ನು ಪ್ರಸ್ತಾಪಿಸಿದ್ದು 1989ರಲ್ಲಿ. ಅಂತರ್ಜಾಲದ ಇನ್ನೊಂದು ಸೇವೆಯಾದ ಇಮೇಲ್ ವೆಬ್‌ಗಿಂತ ಹಳೆಯದು.

ಹೆಜ್ಜೆ 2: ವಿಳಾಸ ಬರೆಯಿರಿ. ‘ಎಕ್ಸಾಂಪಲ್ ಡಾಟ್ ಕಾಮ್’ (example.com) ಎಂದು ಟೈಪ್ ಮಾಡಿ. ಉದಾಹರಣೆಗೆಂದೇ ಕಾದಿರಿಸಿದ ಡೊಮೇನ್ ಹೆಸರು ಇದು. ಹೆಸರು ಬೇಕಾದದ್ದು ನಮಗೆ; ಯಂತ್ರಗಳಿಗೆ ಬೇಕಾದದ್ದು ಐಪಿ ವಿಳಾಸವೆಂಬ ಸಂಖ್ಯೆ. ಹೆಸರಿಗೆ ತಕ್ಕ ಸಂಖ್ಯೆಯನ್ನು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎನ್‌ಎಸ್‌ಲುಕಪ್’ (nslookup) ಆದೇಶದ ಮುಂದೆ ಡೊಮೇನ್ ಬರೆದರೆ ಆ ಸಂಖ್ಯೆ ಕಣ್ಣಿಗೇ ಕಾಣುತ್ತದೆ. ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ. ಹಳೆಯ ಮಾದರಿಯ ಐಪಿ ವಿಳಾಸವಾದ ಐಪಿವಿ4 32 ಬಿಟ್‌ಗಳದು, ಆದ್ದರಿಂದ ಸುಮಾರು 430 ಕೋಟಿ ವಿಳಾಸಗಳಷ್ಟೇ ಸಾಧ್ಯ. ಅದು ಸಾಲದೆ 128 ಬಿಟ್‌ಗಳ ಐಪಿವಿ6 ಬಂತು.

ಹೆಜ್ಜೆ 3: ವಿಳಾಸವನ್ನು ಮತ್ತೆ ಓದಿ. ಅವಸರ ಮಾಡಬೇಡಿ, ನನ್ನ ಮಟ್ಟಿಗೆ ಇಡೀ ಪಾಠದ ಜೀವಾಳ ಇಲ್ಲಿದೆ. ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಆರಂಭವಾದರೆ ನಿಮಗೂ ಪುಟವನ್ನು ಕಳಿಸುವ ಕಂಪ್ಯೂಟರ್ ಆದ ಸರ್ವರ್‌ಗೂ ನಡುವಿನ ಮಾಹಿತಿ ಗೂಢಲಿಪಿಯಲ್ಲಿ ಸಾಗುತ್ತದೆ. ನಡುದಾರಿಯಲ್ಲಿ ಕದ್ದವರಿಗೆ ಓದಲು ಬಾರದು. ಆದರೆ ಆ ತುದಿಯಲ್ಲಿ ಕುಳಿತವರು ಪ್ರಾಮಾಣಿಕರು ಎಂಬುದಕ್ಕೆ ಇದು ಸಾಕ್ಷಿಯಲ್ಲ. ವಂಚಕರ ತಾಣಕ್ಕೂ ಎಚ್‌ಟಿಟಿಪಿಎಸ್ ಸುಲಭವಾಗಿ ಸಿಗುತ್ತದೆ. ಹಾಗಾದರೆ ಗುರುತಿಸುವುದು ಹೇಗೆ? ಡೊಮೇನನ್ನು ಬಲದಿಂದ ಎಡಕ್ಕೆ ಓದಿ. ‘ಬ್ಯಾಂಕ್ ಡಾಟ್ ಎಕ್ಸಾಂಪಲ್ ಡಾಟ್ ಕಾಮ್’ ಎಂದಿದ್ದರೆ ಒಡೆತನ ‘ಎಕ್ಸಾಂಪಲ್ ಡಾಟ್ ಕಾಮ್’ ಪಡೆದವರದು. ಎಡಗಡೆಯ ‘ಬ್ಯಾಂಕ್’ ಅವರೇ ಇಟ್ಟುಕೊಂಡ ಹೆಸರು. ಅಲ್ಲಿ ಯಾವ ಪದವನ್ನು ಬೇಕಾದರೂ ಬರೆಯಬಹುದು. ನಂಬಿಕೆಯ ಹೆಸರು ತೋರಿಸಿ ಪಾಸ್‌ವರ್ಡ್ ಕಸಿಯುವ ಫಿಶಿಂಗ್ ಎಷ್ಟೋ ಸಲ ನಡೆಯುವುದು ಈ ಎಡಗಡೆಯ ಪದವನ್ನು ನೆಚ್ಚಿಕೊಂಡೇ. ಮೊಬೈಲ್‌ನ ಕಿರಿದಾದ ಪರದೆಯಲ್ಲಿ ವಿಳಾಸ ಪೂರ್ತಿ ಕಾಣದಿದ್ದರೆ ಅದರ ಮೇಲೆ ಒತ್ತಿ, ಕೊನೆಯವರೆಗೂ ಸರಿಸಿ ನೋಡಿ.

ಹೆಜ್ಜೆ 4: ಕುಕೀ ಅಳಿಸಿ ನೋಡಿ. ನಿಮ್ಮ ಖಾತೆ ಇರುವ ಯಾವುದಾದರೂ ತಾಣಕ್ಕೆ ಲಾಗಿನ್ ಆಗಿ. ಬ್ರೌಸರ್ ಸೆಟ್ಟಿಂಗ್‌ನಲ್ಲಿ ಆ ತಾಣದ ಕುಕೀಗಳನ್ನು ಅಳಿಸಿ, ಪುಟವನ್ನು ಮತ್ತೆ ತೆರೆಯಿರಿ. ತಾಣಕ್ಕೆ ನಿಮ್ಮ ಗುರುತೇ ಸಿಗದೆ ಬಹುತೇಕ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ನಿಮ್ಮನ್ನು ನೆನಪಿಟ್ಟುಕೊಳ್ಳಲು ತಾಣವು ನಿಮ್ಮ ಬ್ರೌಸರ್‌ನಲ್ಲೇ ಬಿಟ್ಟುಹೋಗುವ ಪುಟ್ಟ ಚೀಟಿಯೇ ಕುಕೀ. ಕ್ಯಾಶ್ ಎಂದರೆ ಪುಟದ ಚಿತ್ರ ಮುಂತಾದವುಗಳ ಉಳಿಸಿಟ್ಟ ಪ್ರತಿ. ಎರಡನೆಯ ಸಲ ಪುಟ ಬೇಗ ತೆರೆಯುವುದು ಇದರಿಂದ.

ಹೆಜ್ಜೆ 5: ವೇಗ ಅಳೆಯಿರಿ. ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿಯೂ ಕಡತದ ಗಾತ್ರವನ್ನು ಬೈಟ್‌ಗಳಲ್ಲಿಯೂ ಹೇಳುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ. 1 ಗಿಗಾಬೈಟ್‌ನ ಕಡತಕ್ಕೆ ಕನಿಷ್ಠ 80 ಸೆಕೆಂಡ್ ಬೇಕು. ಒಂದು ಕಡತ ಇಳಿಸಿಕೊಂಡು ಗಡಿಯಾರ ನೋಡಿ ಲೆಕ್ಕ ಹಾಕಿ.