ಬಿಪಿ ಮೆಷಿನ್ ಪಂಪಿನಲ್ಲಿ ಮುಳುಗಿ ಎದ್ದ ನನ್ನ ಕುರ್ಸುರಾ

ನೀರನ್ನು ಒಳಗೆಳೆದು ಹೊರತಳ್ಳುವ ಪಿಸ್ಟನ್ ಟ್ಯಾಂಕ್ ಇಲ್ಲದೆ ಮಾಡೆಲ್ ಸಬ್‌ಮರೀನ್ ಆಗಲ್ಲ ಅಂತ ಮೈಸೂರಿನ ಗೆಳೆಯರೆಲ್ಲ ತೀರ್ಪು ಕೊಟ್ಟಿದ್ದರು. ಹೊರಗಿಂದ ತರಿಸಿದರೆ ಅದೊಂದಕ್ಕೇ ಹದಿನೈದು ಸಾವಿರದ ಹತ್ತಿರ. ನಾನು ಮನೆಯಲ್ಲಿ ಕೆಟ್ಟುಬಿದ್ದಿದ್ದ ಬಿಪಿ ಮೆಷಿನ್ ಬಿಚ್ಚಿದೆ. ಮೂರು ವರ್ಷ ಹಿಡಿಯಿತು. ಈಗ ಮುಳುಗುತ್ತದೆ. ಎದ್ದೂ ಬರುತ್ತದೆ!

ಮಾಡೆಲ್ಲಿಗೆ ಐಎನ್ಎಸ್ ಕುರ್ಸುರಾನೇ ಯಾಕೆ ಅಂದರೆ ಪೈಪಿನ ಲೆಕ್ಕ. 1969ರಲ್ಲಿ ನೌಕಾಪಡೆ ಸೇರಿ 2001ರವರೆಗೆ ದುಡಿದು, ಈಗ ವಿಶಾಖಪಟ್ಟಣದ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿದೆಯಲ್ಲ, ಅದೇ ಸೋವಿಯತ್ ಫಾಕ್ಸ್‌ಟ್ರಾಟ್ ಮಾದರಿಯ ಸಬ್‌ಮರೀನ್. ಉದ್ದ 91 ಮೀಟರ್, ಅಗಲ ಏಳೂವರೆ. 110 ಎಂಎಂ ಪಿವಿಸಿ ಪೈಪಿಗೆ ಇಳಿಸಿದರೆ 1.3 ಮೀಟರ್ ಚಿಲ್ಲರೆ. ಮಂಡ್ಯದ ಕಡೆ ಪೈಪಿಗೆ ಬರವೇ?

ಪೈಪಿನ ಮಧ್ಯೆ ನೀರು ಓಡಾಡುವ ಕೋಣೆ, ಅದರಲ್ಲಿ ಬಿಪಿ ಪಟ್ಟಿಯ ರಬ್ಬರ್ ಚೀಲ ಎರಡು. ನೀರು ಹೋಗದ ಒಣ ಕೋಣೆಯ ಗಾಳಿಯನ್ನೇ ಪಂಪು ಚೀಲಕ್ಕೆ ತುಂಬಿದರೆ ಏಳುತ್ತದೆ, ವಾಲ್ವ್ ಬಿಟ್ಟರೆ ಮುಳುಗುತ್ತದೆ. 'ಸೊಳ್ಳೆ ತರ ಗುಂಯ್ ಅನ್ನೋ ಪಂಪು, ನೀರು ತಳ್ಳುತ್ತಾ?' ಅಂದರು ಗೆಳೆಯರು. ಬಿಪಿ ಮೆಷಿನ್ 300 ಎಂಎಂ ಪಾದರಸದ ಒತ್ತಡದವರೆಗೆ ಏರಿಸುತ್ತದೆ. ಅಷ್ಟು ಪಾದರಸ ಅಂದರೆ ನಾಲ್ಕು ಮೀಟರ್ ನೀರು, ಅಲ್ವಾ? ನನಗೆ ಬೇಕಿದ್ದುದು ಆರಡಿ.

ಮೊದಲ ಸಲ ಮುಳುಗಲೇ ಇಲ್ಲ. ಚೀಲ ಉಬ್ಬಿದ್ದಾಗ ಮುಚ್ಚಳ ಹಾಕಿದ್ದೆ, ಗಾಳಿ ವಾಪಸ್ ಹೋಗಲು ಒಳಗೆ ಜಾಗವೇ ಇರಲಿಲ್ಲ. ಚೀಲ ಖಾಲಿ ಮಾಡಿ ಮುಚ್ಚಿದೆ. ಈಗ ಏಳುವಾಗ ಒಳಗೆ ಗಾಳಿ ಕಡಿಮೆಯಾಗಿ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿನ ಸಂದಿನಿಂದ ನೀರು ಹೀರಿತು. ರಿಮೋಟಿನ ಮಾತು ಕೇಳುವ ರಿಸೀವರ್ ಹೋಯಿತು, ಸಾವಿರದ ಎಂಟುನೂರು. ಆ ಸಂದಿಗೆ ಕೊನೆಗೆ ಏನು ತುಂಬಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಗ್ರೀಸ್ ಒಂದೇ ಅಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಪಾಂಡವಪುರದ ಹತ್ತಿರ, ಮಾವನ ಬಾವಿಯಲ್ಲಿ. ಇಪ್ಪತ್ತು ಅಡಿ ನೀರು. ಬ್ಯಾಟರಿ ಇಳಿದದ್ದೇ ತಡ, ದೋಣಿ ಕಲ್ಲಿನ ಹಾಗೆ ತಳಕ್ಕೆ ಹೋಯಿತು. ಬಿಪಿ ಮೆಷಿನ್ನಿನ ವಾಲ್ವ್ ಕರೆಂಟ್ ಹೋದರೆ ತಾನೇ ತೆರೆದುಕೊಳ್ಳುತ್ತದೆ. ರೋಗಿಯ ತೋಳಿಗೆ ಒಳ್ಳೆಯದು, ಸಬ್‌ಮರೀನಿಗೆ ಯಮ. ಪಾತಾಳಗರಡಿ ಇಳಿಬಿಟ್ಟು ಎರಡು ಗಂಟೆ ತಡಕಾಡಿದೆವು. ಪಕ್ಕದ ಗದ್ದೆಯ ಅಜ್ಜ, 'ಮುಳುಗ್ಸಕ್ಕೆ ಇಷ್ಟೊಂದು ದುಡ್ಡಾ? ಕಲ್ಲು ಕಟ್ಟಿದ್ರೆ ಆಗ್ತಿರ್ಲಿಲ್ವಾ?' ಅಂದ. ಆವತ್ತು ಐದು ಸಾವಿರ ನೀರುಪಾಲು. ಆಮೇಲೆ ಕರೆಂಟ್ ಇಲ್ಲದಾಗ ಮುಚ್ಚಿರುವ ವಾಲ್ವ್ ಹಾಕಿದೆ, ಇನ್ನೂರೈವತ್ತೋ ಏನೋ.

ಹನ್ನೆರಡು ವೋಲ್ಟಿನ ಯುಪಿಎಸ್ ಬ್ಯಾಟರಿ ಪೈಪಿನೊಳಗೆ ಹೋಗಲ್ಲ, ತಂದು ಕೆಡಬೇಡಿ. ಎಮರ್ಜೆನ್ಸಿ ಲೈಟಿನ ಆರು ವೋಲ್ಟಿನವು ಎರಡು ಸಾಕು. ತಳದಲ್ಲಿ ಮಲಗಿಸಿದರೆ ಭಾರಕ್ಕೆ ಹಾಕುವ ಸೀಸದ ಖರ್ಚೂ ಉಳಿಯುತ್ತದೆ. ಚಾರ್ಜ್ ಮಾಡುವಾಗ ಮಾತ್ರ ಮುಚ್ಚಳ ತೆಗೆದಿಡಿ. ನಿಜವಾದ ಸಬ್‌ಮರೀನಿನಲ್ಲೂ ಬ್ಯಾಟರಿಯಿಂದ ಬರುವ, ಹೊತ್ತಿಕೊಳ್ಳುವ ಹೈಡ್ರೋಜನ್ ಅಂದರೆ ಭಯ.

2.4 ಗಿಗಾಹರ್ಟ್ಜ್ ರಿಮೋಟ್ ಗೇಣು ನೀರು ದಾಟುವಷ್ಟರಲ್ಲಿ ಕೈಕೊಟ್ಟಿತು. ಹಳೇ ಆಟಿಕೆ ಕಾರಿನ 27 ಮೆಗಾಹರ್ಟ್ಜ್ ಸೆಟ್ ಆರಡಿ ಆಳದಲ್ಲೂ ಮಾತು ಕೇಳಿತು. ಸಿಹಿನೀರಾದ್ದರಿಂದ ಬಚಾವ್. ಉಪ್ಪುನೀರು ಅದನ್ನೂ ನುಂಗುತ್ತದೆ. ಅದಕ್ಕೇ ನೌಕಾಪಡೆ ತಮಿಳುನಾಡಿನ ಐಎನ್ಎಸ್ ಕಟ್ಟಬೊಮ್ಮನ್ ನೆಲೆಯಿಂದ ತೀರಾ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಸಬ್‌ಮರೀನ್‌ಗಳಿಗೆ ಸುದ್ದಿ ಮುಟ್ಟಿಸುವುದು.

ಸಮುದ್ರದಲ್ಲಿ ಹೇಗಿರುತ್ತೆ ನೋಡೋಣ ಅಂತ ಎಮ್ಮೆ ನೀರು ಕುಡಿಯುವ ತೊಟ್ಟಿಗೆ ಏಳು ಕೆಜಿ ಉಪ್ಪು ಸುರಿದೆ. ಉಪ್ಪುನೀರು ಹೆಚ್ಚು ತೇಲಿಸುತ್ತದಲ್ಲ, ಹತ್ತು ಕೆಜಿಯ ದೋಣಿ ಮುಳುಗಲು ಇನ್ನೂ ಕಾಲು ಕೆಜಿ ತೂಕ ಬೇಕಾಯಿತು. ಲೆಕ್ಕ ಸರಿ ಬಂತು. ಅತ್ತೆ ಮಾತ್ರ ಒಂದು ವಾರ ಮಾತಾಡಲಿಲ್ಲ.

ಒಟ್ಟು ಹದಿನಾಲ್ಕು ಸಾವಿರ ಆಗಿರಬಹುದು, ಮುಳುಗಿದ್ದೂ ಸೇರಿ. ಕಳೆದ ತಿಂಗಳು ಅದೇ ಬಾವಿಯಲ್ಲಿ ಹನ್ನೊಂದು ಸಲ ಮುಳುಗಿ ಎದ್ದಿತು, ಒಂದೊಂದು ಏಳಿಕೆಗೆ ಅರ್ಧ ನಿಮಿಷದ ಮೇಲೆ. ಗೆಳೆಯರು ವಿಡಿಯೋ ಮಾಡಿಕೊಂಡರು. ಕುರ್ಸುರಾಗೆ ಪ್ರೊಪೆಲ್ಲರ್ ಮೂರು. ನನ್ನದರಲ್ಲಿ ನಡುವಿನದಕ್ಕೆ ಮಾತ್ರ ಮೋಟರ್, ಪಕ್ಕದ ಎರಡು ನೀರಿನ ಎಳೆತಕ್ಕೆ ಸುಮ್ನೆ ತಿರುಗುತ್ತವೆ. ಅದನ್ನು ಯಾರೂ ಗಮನಿಸಲಿಲ್ಲ.