ಕಾವಲಲ್ಲಿಡು, ಕಾವಲಿಗಿಡು

"ಮತ್ತ ನಾವ್ಯಾಕ ಆಡಬೇಕ್ರೀ? ಕಥಿ ನೀವ ಹೇಳಿಬಿಡ್ರಿ, ನಾವು ಕೇಳ್ತೀವಿ."

ಹೀಗೆ ಹೇಳಿ ಧಾರವಾಡದ ಅಕ್ಕ ಡೈಸ್ ಕೆಳಗಿಟ್ಟರು. ಪುಣೆಯ ಕೋಥ್ರೂಡಿನ ನಮ್ಮ ಮನೆ, ಜುಲೈ ತಿಂಗಳ ಭಾನುವಾರ, ಹೊರಗೆ ಒಂದೇ ಸಮನೆ ಮಳೆ. ಯಾರೂ ಮಾತಾಡಲಿಲ್ಲ. ಅವಲಕ್ಕಿ ತಟ್ಟೆಯಲ್ಲೇ ಉಳಿಯಿತು.

ನಾವು ಆಡುವುದು ಟೇಬಲ್ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಗೇಮ್. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದರಲ್ಲ, ಅದೇ ಬಳಗದ ಆಟ. ಅದಕ್ಕೂ ಮೊದಲು ಗೊಂಬೆ ಸೈನಿಕರ ಪಡೆಗಳನ್ನು ನಡೆಸುವ ಯುದ್ಧದ ಆಟಗಳಿದ್ದವು. ಇಲ್ಲಿ ಪಡೆ ಹೋಗಿ, ಒಬ್ಬರಿಗೆ ಒಂದು ಪಾತ್ರ ಸಿಕ್ಕಿತು. ಆ ಪಾತ್ರ ಏನು ಮಾಡುತ್ತೆ ಅನ್ನೋದು ಆಟಗಾರರ ಕೈಯಲ್ಲಿ. ಉಳಿದ ಲೋಕವೆಲ್ಲ ಗೇಮ್ ಮಾಸ್ಟರ್ ಕೈಯಲ್ಲಿ. ಮಾಡಿದ ಕೆಲಸ ಕೈಗೂಡುತ್ತೋ ಇಲ್ಲವೋ ಅನ್ನೋ ಅನುಮಾನ ಬಂದಾಗ ಡೈಸ್ ಹಾಕುತ್ತೇವೆ. ನಮ್ಮ ಮನೆಯಲ್ಲಿ ಗೇಮ್ ಮಾಸ್ಟರ್ ನಾನು. ಆಡುವವರು ನಾಲ್ವರು: ಧಾರವಾಡದ ಅಕ್ಕ, ಬೆಳಗಾವಿಯ ಗೆಳೆಯ, ಹೊನ್ನಾವರದ ಹುಡುಗ, ಕೆಳಗಿನ ಫ್ಲ್ಯಾಟಿನ ಕಾಲೇಜು ಹುಡುಗಿ.

ನಾನು ಕುಮಟಾ ಕಡೆಯವನು. ಅದಕ್ಕೇ ಡ್ರ್ಯಾಗನ್ ಬಿಟ್ಟು ನಮ್ಮ ಕರಾವಳಿಯನ್ನೇ ಆಟಕ್ಕೆ ತಂದೆ. ಹದಿನಾರನೇ ಶತಮಾನದ ಕೊನೆಯ ಹೊತ್ತು. ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ, ಪೋರ್ಚುಗೀಸರು 'ಮೆಣಸಿನ ರಾಣಿ' ಅಂತ ಕರೆದವಳು. ಗೋವಾ 1510ರಿಂದ ಪೋರ್ಚುಗೀಸರ ಕೈಯಲ್ಲಿ. ನಡುವೆ ಕಾಳುಮೆಣಸು ತುಂಬಿದ ದೋಣಿಗಳು. ಇಷ್ಟು ನಿಜ, ಇದರ ಮೇಲಿನ ಕಥೆ ನಮ್ಮದು.

ಆ ಭಾನುವಾರ ನಾನೊಂದು ಟ್ವಿಸ್ಟ್ ಬರೆದುಕೊಂಡಿದ್ದೆ. ಇವರಿಗೆ ಕೆಲಸ ಕೊಟ್ಟ ಮುದಿ ವ್ಯಾಪಾರಿಯೇ ದ್ರೋಹಿ, ಮೆಣಸಿನ ಹಡಗಿಗೆ ಬೆಂಕಿ ಬೀಳುತ್ತೆ. ಆದರೆ ಅಕ್ಕನಿಗೆ ಮುದುಕನ ಮೇಲೆ ಮೊದಲೇ ಅನುಮಾನ. ಇವರೆಲ್ಲ ಸೇರಿ ರಾತ್ರೋರಾತ್ರಿ ಮೂಟೆಗಳನ್ನು ಮೀನುಗಾರರ ದೋಣಿಗಳಿಗೆ ಸಾಗಿಸಿದರು. ಒಳ್ಳೇ ಉಪಾಯ. ನಾನೇನು ಮಾಡಿದೆ? ಆ ದೋಣಿಗಳಿಗೂ ಬೆಂಕಿ ಬಿತ್ತು ಅಂದೆ. ಎರಡು ವಾರ ಕೂತು ಬರೆದ ದೃಶ್ಯ ಕೈಬಿಡಲು ಮನಸ್ಸಾಗಲಿಲ್ಲ.

ಇದಕ್ಕೆ ಆಟದವರು ರೇಲ್‌ರೋಡಿಂಗ್ ಅಂತಾರೆ. ಎತ್ತ ತಿರುಗಿದರೂ ಹಳಿ ಒಂದೇ ಕಡೆ ಒಯ್ಯುತ್ತೆ. ಅಕ್ಕನಿಗೆ ಬೇಜಾರಾದದ್ದು ಮೆಣಸು ಸುಟ್ಟಿದ್ದಕ್ಕಲ್ಲ. ಮೂರು ಗಂಟೆ ತಲೆ ಓಡಿಸಿದ್ದು ಲೆಕ್ಕಕ್ಕೇ ಬರಲಿಲ್ಲ, ಅದಕ್ಕೆ. ಮುದುಕ ದ್ರೋಹಿ ಅನ್ನೋದು ಟ್ವಿಸ್ಟೇ, ಅದರಲ್ಲಿ ತಪ್ಪಿಲ್ಲ. ಅದರಿಂದ ಆಟಗಾರರು ನಂಬಿದ್ದು ತಲೆಕೆಳಗಾಗುತ್ತೆ. ಅವರು ಮಾಡಿದ್ದನ್ನು ಅಳಿಸೋಕೆ ಮಾತ್ರ ನನಗೆ ಹಕ್ಕಿರಲಿಲ್ಲ.

ಮುಂದಿನ ಕ್ಯಾಂಪೇನ್‌ಗೆ, ಅಂದರೆ ಹಲವು ಸಲ ಕೂತು ಆಡುವ ಮುಂದಿನ ಕಥೆಗೆ, ದೃಶ್ಯಗಳನ್ನು ಬರೆಯಲೇ ಇಲ್ಲ. ಯಾರಿಗೆ ಏನು ಬೇಕು, ಯಾರು ಏನು ಮುಚ್ಚಿಟ್ಟಿದ್ದಾರೆ, ಇವರು ಸುಮ್ನೆ ಕೂತರೆ ಏನಾಗುತ್ತೆ, ಇಷ್ಟೇ ಒಂದು ಹಾಳೆಯಲ್ಲಿ. ಒಂದು ಗುಟ್ಟಿಗೆ ಕಡಿಮೆ ಅಂದ್ರೂ ಮೂರು ಸುಳಿವು ಅಂತ ಇಟ್ಟುಕೊಂಡೆ. ಒಂದನ್ನು ಯಾರೂ ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ಕೈಗೆ ಸಿಗುತ್ತೆ.

ಕಥೆ ಶುರುವಾದದ್ದು ಮಿರ್ಜಾನ್ ಕೋಟೆಯ ಹತ್ತಿರ. ಒಬ್ಬ ಸಾಹುಕಾರ ಮೊಹರು ಹಾಕಿದ ಪತ್ರ ಕೊಟ್ಟು, ಗೋವಾದಲ್ಲಿರುವ ತನ್ನ ಪಾಲುದಾರನಿಗೆ ಮುಟ್ಟಿಸಿ ಅಂತಾನೆ. ನಾಲ್ಕನೇ ಸೆಷನ್‌ನಲ್ಲಿ ಆ ಪತ್ರ ಒಡೆದಾಗ ಇವರು ಬೆಚ್ಚಿಬೀಳಬೇಕು ಅನ್ನೋದು ನನ್ನ ಆಸೆ.

ಮೊದಲ ಸೆಷನ್‌ನ ಮೊದಲ ಗಂಟೆಯಲ್ಲೇ ಹೊನ್ನಾವರದ ಹುಡುಗ ಕೂಗಿದ: "ಮಾರಾಯಾ, ಇದು ಚಂದ್ರಹಾಸನ ಪತ್ರ ಅಲ್ವಾ! ಒಡೆದು ನೋಡುವ."

ಯಕ್ಷಗಾನ ನೋಡಿ ಬೆಳೆದವನು ಅವನು. ಆ ಪ್ರಸಂಗದಲ್ಲಿ ಮಂತ್ರಿ ದುಷ್ಟಬುದ್ಧಿ ಚಂದ್ರಹಾಸನ ಕೈಯಲ್ಲೇ ಅವನ ಸಾವಿನ ಪತ್ರ ಕಳಿಸುತ್ತಾನೆ, 'ವಿಷವ ಕೊಡು' ಅಂತ. ತೋಟದಲ್ಲಿ ಮಲಗಿದ್ದವನ ಪತ್ರವನ್ನು ಮಂತ್ರಿಯ ಮಗಳು ವಿಷಯೆ ಓದಿ, ಒಂದಕ್ಷರ ತಿದ್ದುತ್ತಾಳೆ. ವಿಷ ಹೋಗಿ ವಿಷಯೆ ಆಗುತ್ತೆ, ಸಾವು ಹೋಗಿ ಮದುವೆ. ಬೇಡ ಅನ್ನಲು ನನಗೆ ನೂರು ದಾರಿ ಇದ್ದವು. ಮೊಹರು ಗಟ್ಟಿಯಾಗಿದೆ ಅನ್ನಬಹುದಿತ್ತು, ಯಾರೋ ಬಂದರು ಅನ್ನಬಹುದಿತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಪತ್ರ ಓದಿದೆ: 'ಇದನ್ನು ತಂದ ನಾಲ್ವರನ್ನು ಕಾವಲಲ್ಲಿಡು.'

ಬೆಳಗಾವಿಯ ಗೆಳೆಯ, "ಓಡಿ ಹೋಗೋಣು" ಅಂದ. ಅಕ್ಕ ಪೆನ್ಸಿಲ್ ತಗೊಂಡು ಆ ಸಾಲನ್ನು ಬರೆದರು, ಎರಡಕ್ಷರ ಹೊಡೆದರು, ತಿದ್ದಿದರು. 'ಕಾವಲಿಗಿಡು.' ಸೆರೆಯಾಳುಗಳು ಆ ಕ್ಷಣಕ್ಕೆ ಕಾವಲುಗಾರರಾದರು!

ಡೈಸ್ ಹಾಕುವ ಮುಂಚೆ ಒಂದು ಮಾತು ಹೇಳಿದೆ. ಹೀಗೆ ಮೊದಲೇ ಹೇಳುವುದನ್ನು ಈಗ ಯಾವತ್ತೂ ಬಿಡುವುದಿಲ್ಲ: "ಗೆದ್ದರೆ ಯಾರಿಗೂ ಗೊತ್ತಾಗಲ್ಲ. ಸೋತರೂ ಅಕ್ಷರ ಬದಲಾಗುತ್ತೆ, ಆದರೆ ಕೆರೆದ ಗುರುತು ಉಳಿಯುತ್ತೆ. ಮಾಡ್ತೀರಾ?" ಬೇಕಾದದ್ದು 15. ಅಕ್ಕನ ಪಾತ್ರಕ್ಕೆ ಬರವಣಿಗೆಯಲ್ಲಿ 4 ಜಾಸ್ತಿ, ಅದು ಡೈಸ್‌ನಲ್ಲಿ ಬಿದ್ದದ್ದಕ್ಕೆ ಸೇರುತ್ತೆ. ಅಂದರೆ ಇಪ್ಪತ್ತು ಮುಖದ ಡೈಸ್‌ನಲ್ಲಿ 11 ಅಥವಾ ಮೇಲೆ ಬೀಳಬೇಕು, ಅರ್ಧಕ್ಕರ್ಧ. ಬಿದ್ದದ್ದು 9.

ಗುರುತು ಉಳಿಯಿತು. ನನ್ನ ಹಾಳೆಯಲ್ಲಿ ಇದ್ಯಾವುದೂ ಇರಲಿಲ್ಲ. ಹತ್ತು ನಿಮಿಷ ಚಹಾ ಬ್ರೇಕ್ ಕೇಳಿ, ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ಗೋವಾದಲ್ಲಿ ಆ ಪತ್ರವನ್ನು ಮೊದಲು ಮುಟ್ಟುವವನು ಪಾಲುದಾರನ ಗುಮಾಸ್ತ. ದಿನವಿಡೀ ಅಕ್ಷರ ನೋಡುವ ಮನುಷ್ಯ, ಅವನಿಗೆ ಕಾಣದೇ ಇರುತ್ತಾ? ಕಂಡರೂ ಸುಮ್ಮನಿದ್ದರೆ? ಅವನ ತಮ್ಮ ಸೆರೆಯಲ್ಲಿದ್ದಾನೆ ಅಂತ ಬರೆದುಕೊಂಡೆ.

ಗುಮಾಸ್ತ ಪತ್ರವನ್ನು ದೀಪದ ಹತ್ತಿರ ಹಿಡಿದ. ಒಂದು ಸುಳಿವು. ಇವರಲ್ಲಿ ಓದುಬರಹ ಬಲ್ಲವರು ಯಾರು ಅಂತ ಕೇಳಿದ, ಎರಡು. ಊಟದ ಹೊತ್ತಿಗೆ ಅಕ್ಕನ ಪಾತ್ರದ ಬೆರಳಿನ ಮಸಿ ನೋಡಿದ, ಮೂರು. ಮೂರನೆಯದಕ್ಕೆ ಕಾಲೇಜು ಹುಡುಗಿ, "ಇವನಿಗೆ ಗೊತ್ತಾಗಿದೆ" ಅಂತ ಪಿಸುಗುಟ್ಟಿದಳು. ಟ್ವಿಸ್ಟ್ ಹಾಳಾಯಿತು ಅಂತ ಆಗ ಒಂದಿಷ್ಟೂ ಅನ್ನಿಸಲಿಲ್ಲ. ರಾತ್ರಿ ಇವರು ಕಾವಲಿದ್ದ ಉಗ್ರಾಣದ ಬಾಗಿಲಿಗೆ ಅವನು ಬಂದು, "ಇನ್ನೊಂದು ಪತ್ರ ಬರೆದುಕೊಡಿ, ನನ್ನ ತಮ್ಮನ ಬಿಡುಗಡೆಗೆ" ಅಂದಾಗ ನಾಲ್ವರೂ ಕುರ್ಚಿಯ ತುದಿಗೆ ಬಂದಿದ್ದರು. ಅವರು ಕೆರೆದ ಎರಡು ಅಕ್ಷರದಿಂದ ಹುಟ್ಟಿದ ಮನುಷ್ಯ ಅವನು.

ಬರೆಯಬಹುದು, ಅವನನ್ನು ಹಿಡಿದುಕೊಡಬಹುದು, ಮೆಣಸಿನ ಸಮೇತ ಓಡಬಹುದು. ಯಾವುದಕ್ಕೂ ನಾನು ಉತ್ತರ ಬರೆದಿಟ್ಟುಕೊಂಡಿಲ್ಲ. ಅಕ್ಕ ನಿಜವಾಗಿಯೂ ಒಂದು ಹಾಳೆ ತಗೊಂಡು ಪತ್ರ ಬರೆದರು, ಮಡಚಿದರು, ನನಗೆ ತೋರಿಸಲಿಲ್ಲ.

"ಮುಂದಿನ ಐತವಾರ ನೋಡೋಣ್ರೀ" ಅಂತ ಅದನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿದ್ದಾರೆ.